ಮೂರು ಚೌಕದ ಒಬ್ಬಟ್ಟು

ಮಕ್ಕಳಿಗೆ ಕನ್ನಡ ಪದ ಕಲಿಸೋಕೆ ಹಬ್ಬದ ಪದಬಂಧ ಒಳ್ಳೆ ಉಪಾಯ ಅಂತ ಯಾರಾದರೂ ಹೇಳಿದರೆ ನಂಬಿ. ಅದನ್ನು ನೀವೇ ಮಾಡಿಕೊಡಿ ಅಂದರೆ ಮಾತ್ರ ತವರಿಗೆ ಹೊರಟುಬಿಡಿ.

ಇಂಗ್ಲಿಷಿನವರಿಗೆ ಇದು ಸಲೀಸು. ಪದಬಂಧ ಹುಟ್ಟಿದ್ದೇ ಹಬ್ಬದ ಹೊತ್ತಿನಲ್ಲಿ. 1913ರ ಡಿಸೆಂಬರ್ 21ರಂದು, ಕ್ರಿಸ್‌ಮಸ್‌ಗೆ ನಾಲ್ಕು ದಿನ ಇರುವಾಗ, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಹಾಕಿದರು. ಅವರಿಟ್ಟ ಹೆಸರು ‘ವರ್ಡ್-ಕ್ರಾಸ್’. ಕೆಲವು ವಾರಗಳ ನಂತರ ಅಚ್ಚಿನಲ್ಲಿ ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತಂತೆ. ಅಚ್ಚಿನವರ ಮಹಿಮೆ ಆಗಲೂ ಹೀಗೇ ಇತ್ತು.

ಯುಗಾದಿಗೆ ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಕಾರ್ಯಕ್ರಮ. ಇಂಗ್ಲಿಷ್ ಮೀಡಿಯಂ ಮಕ್ಕಳು, ಬೇವುಬೆಲ್ಲ ತಿನ್ನೋಕೆ ಗೊತ್ತು, ಬರೆಯೋಕೆ ಗೊತ್ತಿಲ್ಲ. ‘ನೀವು ಹುಬ್ಬಳ್ಳಿಯವರು, ಕನ್ನಡ ಚೆನ್ನಾಗಿದೆ’ ಅಂತ ಸೆಕ್ರೆಟರಿ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಹುಬ್ಬಳ್ಳಿಯವರಾಗಿದ್ದೇ ಮುಂದೆ ತೊಂದರೆಯಾಯಿತು ನೋಡಿ.

ಕನ್ನಡದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಕಾಗುಣಿತ ಒತ್ತು ಎಲ್ಲ ಸೇರಿ. ಇಂಗ್ಲಿಷಿನ ‘ಡಿ’ ಯಾವ ಪದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ನಮ್ಮ ಯುಗಾದಿಯ ‘ದಿ’ ದೀಪದ ‘ದೀ’ ಪಕ್ಕ ನಿಲ್ಲೋಕೂ ಒಪ್ಪಲ್ಲ. ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ, ನಿಜ. ಕಾಗುಣಿತ ಹಾಕಿದರೆ ನಾನೂರು ದಾಟುತ್ತದೆ. ಒತ್ತಕ್ಷರ ಬೇರೆ. ಅಂತೂ ಪಂಚಾಂಗ, ತೋರಣ, ಬೇವುಬೆಲ್ಲ ಎಲ್ಲವನ್ನೂ ಸೇರಿಸಿ ಚೌಕಗಳಿಗೆ ತುಂಬಿದೆ.

ಪ್ರಿಂಟ್ ಹಾಕಿಸೋಕೆ ಹೋದರೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತುಗಳೆಲ್ಲ ಬಿಚ್ಚಿಕೊಂಡವು. ‘ಹತ್ತಿ’ ಹೋಗಿ ‘ಹತ್‌ತಿ’ ಆಗಿತ್ತು.

‘ಕನ್ನಡ ಹಂಗೇ ಬರೋದು ಮೇಡಂ. ಇಂಗ್ಲಿಷಲ್ಲಿ ಕೊಡಿ, ಸೂಪರಾಗಿ ಬರತ್ತೆ’ ಅಂದ ಹುಡುಗ.

ಕೊನೆಗೆ ಬಿಳಿ ಹಾಳೆ ತಗೊಂಡು, ಸ್ಕೇಲ್ ಹಿಡಿದು, ಕೈಯಲ್ಲೇ ಬರೆದು ಝೆರಾಕ್ಸ್ ಮಾಡಿಸಿದೆ.

ಹಬ್ಬದ ದಿನ ಕ್ಲಬ್‌ಹೌಸಿನಲ್ಲಿ ಮಕ್ಕಳು ಹಾಳೆ ಹಿಡಿದು ಕೂತರು. ಹಿಂದೆ ಅಪ್ಪ ಅಮ್ಮ, ಮುಂದೆ ಕುರ್ಚಿಗಳಲ್ಲಿ ಅಜ್ಜಿ ತಾತಂದಿರು. ಎಡದಿಂದ ಬಲಕ್ಕೆ, ಸುಳಿವು ಒಂದು: ‘ಯುಗಾದಿಗೆ ಮಾಡುವ ಸಿಹಿ (3)’.

ನಮ್ಮ ಕಡೆ ಇದಕ್ಕೆ ಎರಡನೇ ಉತ್ತರವೇ ಇಲ್ಲ. ಹೋಳಿಗೆ. ಬೆಂಗಳೂರಿನ ಅಜ್ಜಿಯಂದಿರಿಗೂ ಎರಡನೇ ಉತ್ತರ ಇಲ್ಲ. ಒಬ್ಬಟ್ಟು. ಎಣಿಸಿ ನೋಡಿ: ಒ, ಬ್ಬ, ಟ್ಟು. ಅದೂ ಮೂರೇ! ಎರಡನೇ ಮಹಡಿಯ ಆಂಧ್ರದವರ ಮಗಳು ‘ಬೊಬ್ಬಟ್ಲು’ ಅಂತ ಬರೆದಳು. ಅದೂ ಮೂರು. ತಮಿಳಿನವರ ‘ಪೋಳಿ’ಗೆ ಎರಡೇ ಚೌಕ ಸಾಕು, ಹಾಗಾಗಿ ಅವರು ಜಗಳಕ್ಕೆ ಬರದೆ ಕಾಫಿ ಕುಡಿಯುತ್ತಾ ಕೂತರು.

‘ಅಲ್ಲಮ್ಮಾ, ಹೋಳಿಗೆ ಅನ್ನೋದು ನಿಮ್ಮ ಕಡೆ. ಇಲ್ಲಿ ಒಬ್ಬಟ್ಟು ತಾನೇ?’ ಮುಂದಿನ ಸಾಲಿನ ಅಜ್ಜಿ ಶುರು ಮಾಡಿದರು.

‘ಅಜ್ಜಿ, ಇಲ್ಲಿನ ಅಂಗಡಿ ಬೋರ್ಡುಗಳಲ್ಲೂ ಹೋಳಿಗೆ ಅಂತಾನೇ ಇರತ್ತಲ್ರೀ?’

‘ಅಂಗಡಿಯವರು ಬರೀತಾರೆ ಬಿಡು. ಒಬ್ಬಟ್ಟಿನ ಸಾರು ಅಂತಾರೋ, ಹೋಳಿಗೆ ಸಾರು ಅಂತಾರೋ?’

ನಾವು ಕಟ್ಟಿನ ಸಾರು ಅಂತೀವಿ. ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಸಂಜೆಯಾಗುತ್ತಿತ್ತು.

ಒಂದು ಉತ್ತರದ ಮೇಲೆ ಇಡೀ ಪದಬಂಧ ನಿಂತಿರುತ್ತದೆ, ಅಲ್ವಾ? ಹೋಳಿಗೆಯ ‘ಗೆ’ಯಿಂದ ಕೆಳಕ್ಕೆ ಇನ್ನೊಂದು ಪದ ಇಳಿಯುತ್ತಿತ್ತು: ‘ದೇವರಿಗೆ ಹಾಕುವ ಹತ್ತಿಯ ಹಾರ (4)’. ಗೆಜ್ಜೆವಸ್ತ್ರ. ಒಬ್ಬಟ್ಟಿನವರಿಗೆ ಅಲ್ಲಿ ‘ಟ್ಟು’ ಸಿಕ್ಕಿತು. ಪ್ರಪಂಚದಲ್ಲಿ ‘ಟ್ಟು’ವಿನಿಂದ ಶುರುವಾಗುವ ಕನ್ನಡ ಪದ ಇದ್ದರೆ ಹೇಳಿ. ಆದರೆ ಆ ಅಜ್ಜಿಯ ಮೊಮ್ಮಗ ಗಟ್ಟಿ ಆಸಾಮಿ. ಅಜ್ಜಿ ಹೇಳಿದ ಒಬ್ಬಟ್ಟನ್ನು ಅಳಿಸದೆ, ಗೆಜ್ಜೆವಸ್ತ್ರವನ್ನೂ ಬಿಡದೆ, ‘ಟ್ಟುಜ್ಜೆವಸ್ತ್ರ’ ಅಂತ ದುಂಡಗೆ ಬರೆದಿಟ್ಟ.

ಇನ್ನೊಂದು ಸುಳಿವು ‘ಯುಗಾದಿಯ ಮಾರನೇ ದಿನ (5)’. ‘ಹೊಸತೊಡಕು’ ಅಂದುಕೊಂಡಿದ್ದೆ. ನನ್ನ ಮಂಡ್ಯದ ಗಂಡ ‘ವರ್ಷತೊಡಕು’ ಅಂತ ಹಿಂದಿನಿಂದ ಕೂಗಿದರು. ಅದೂ ಐದೇ ಚೌಕ! ಮನೆಯವರೇ ಹೀಗೆ ಮಾಡಿದರೆ ಊರಿನವರಿಗೆ ಏನು ಹೇಳೋದು? ಅಷ್ಟರಲ್ಲಿ ಮೂರನೇ ಕ್ಲಾಸಿನ ಹುಡುಗ ಎದ್ದು ನಿಂತು ‘ಮಟನ್!’ ಅಂದ. ಚೌಕ ಎಣಿಸದಿದ್ದರೂ ವಿಷಯ ಚೆನ್ನಾಗಿ ತಿಳಿದವನು. ಪಂಚಾಂಗ ಓದಲು ಬಂದಿದ್ದ ಪುರೋಹಿತರು ಕೆಮ್ಮಿದರು.

ಕೊನೆಗೆ ಸೆಕ್ರೆಟರಿ ಮೈಕ್ ತಗೊಂಡು ತೀರ್ಪು ಕೊಟ್ಟರು: ಹೋಳಿಗೆ, ಒಬ್ಬಟ್ಟು, ಬೊಬ್ಬಟ್ಲು, ಮೂರೂ ಸರಿ. ಚಪ್ಪಾಳೆ. ಅವರಿಗೇನು, ಬಹುಮಾನ ತಂದಿದ್ದವಳು ನಾನು. ಇದ್ದದ್ದು ಮೊದಲ ಮೂವರಿಗೆ ಅಂತ ತಂದ ಪೆನ್ಸಿಲ್ ಬಾಕ್ಸುಗಳು. ಸಾಲು ಹಾಲ್‌ನಿಂದ ಲಿಫ್ಟ್‌ವರೆಗೆ ಬೆಳೆಯಿತು. ಗಂಡನನ್ನು ಸ್ಟೇಷನರಿ ಅಂಗಡಿಗೆ ಓಡಿಸಿದೆ. ವರ್ಷತೊಡಕು ಅಂತ ಕೂಗಿದ್ದಕ್ಕೆ ಅಷ್ಟಾದರೂ ಮಾಡಲಿ.

ಸಾಲಿನ ಕೊನೆಯಲ್ಲಿ ಟ್ಟುಜ್ಜೆವಸ್ತ್ರದವನು ಬಂದ.

‘ಇದು ಸರಿ ಇಲ್ವಲ್ಲೋ ಪುಟ್ಟಾ’ ಅಂದೆ.

‘ಅಜ್ಜಿ ಹೇಳಿದ್ದು ತಪ್ಪಾ ಆಂಟಿ?’ ಅಂತ ಕೇಳಿದ, ಎಲ್ಲರಿಗೂ ಕೇಳುವ ಹಾಗೆ.

ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ ಕಿವಿಗೊಟ್ಟರು. ನಾನು ಅವನಿಗೆ ಎರಡು ಬಾಕ್ಸ್ ಕೊಟ್ಟೆ.