ಆಡು ಮುಟ್ಟದ ಸೊಪ್ಪು

ನೆಗಡಿಯಿಂದ ಮೂಗು ಕಟ್ಟಿ ನಾಲ್ಕು ದಿನವಾಗಿದ್ದ ನನಗೆ ಅತ್ತಿಗೆಯವರು ಆಡುಸೋಗೆಯ ಕಷಾಯವನ್ನು ದೊಡ್ಡ ಲೋಟದಲ್ಲಿ ತಂದುಕೊಟ್ಟು, ‘ವಾಸನೆ ನೋಡಬೇಡಿ, ಒಂದೇ ಗುಟುಕಿಗೆ ಕುಡಿದುಬಿಡಿ’ ಎಂದರು. ನೋಡಲು ಮೂಗು ಎಲ್ಲಿತ್ತು? ಕಿಟಕಿಯಾಚೆ, ಅದೇ ಸೊಪ್ಪಿನ ಬೇಲಿಗೆ ಪಕ್ಕದ ಮನೆಯ ಆಡು ಕತ್ತು ಚಾಚಿ, ಹೊಳ್ಳೆಗಳನ್ನು ಎರಡು ಸಲ ಅರಳಿಸಿ, ತುಟಿಯನ್ನೂ ಸೋಕಿಸದೆ ನಮ್ಮ ದಾಸವಾಳದ ಕಡೆಗೆ ತಿರುಗಿತು.

ಆಡು ಮುಟ್ಟದ ಸೊಪ್ಪಿಲ್ಲವೆಂದು ಗಾದೆ ಕಟ್ಟಿದವರು ಇಂಥ ಬೇಲಿಯ ಬಳಿ ನಿಂತು ನೋಡಿದವರಲ್ಲ. ತಮಿಳರು ಈ ಗಿಡವನ್ನು ಆಡು ಮುಟ್ಟದ್ದೆಂಬ ಅರ್ಥದಲ್ಲಿ ‘ಆಡಾತೋಡೈ’ ಎಂದು ಕರೆದರು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದನ್ನೇ ಲ್ಯಾಟಿನ್ ಹೆಸರಿಗೂ ಒಯ್ದ.

ಆಡಿನ ಮೂಗಿನ ವಿಷಯದಲ್ಲಿ ನನಗೆ ಬಾಲ್ಯದಿಂದಲೂ ಒಂದು ಅಳುಕಿದೆ. ಅಜ್ಜಿಯ ಮನೆಯಲ್ಲಿ ಬೆಳಗಿನ ಜಾವ ಹುಟ್ಟಿದ ಮರಿಯೊಂದನ್ನು, ಮೈಯೆಲ್ಲ ಲೋಳೆಯಾಗಿದೆಯೆಂಬ ಮರುಕದಿಂದ, ನಾನು ಬಚ್ಚಲಿಗೆ ಹೊತ್ತೊಯ್ದು ಕೆಂಪು ಸೋಪು ಹಚ್ಚಿ ತೊಳೆದು, ಟವೆಲಿನಲ್ಲಿ ಒರೆಸಿ, ಹೆಮ್ಮೆಯಿಂದ ತಾಯಿಯ ಮುಂದೆ ಬಿಟ್ಟೆ. ತಾಯಿ ಮರಿಯ ಬಾಲದ ಬುಡವನ್ನು ಮೂಸಿ, ತಲೆಯಿಂದ ಗುದ್ದಿ ಕೆಡವಿತು. ಈದ ಮೊದಲ ಕೆಲವು ಗಂಟೆಗಳಲ್ಲಿ ಆ ಲೋಳೆಯನ್ನು ನೆಕ್ಕುತ್ತಲೇ ತಾಯಿ ತನ್ನ ಮರಿಯ ಗುರುತು ಹಿಡಿಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ‘ನಿಮ್ಮವ್ವ ನಿನ್ನನ್ನು ಸೋಪಿನಂಗಡೀಲಿ ಹೆತ್ತಳೇನೋ?’ ಎಂದು ಬೈದ ಅಜ್ಜಿ, ತಾಯಿಯ ಹಾಲನ್ನೇ ಕರೆದು ಮರಿಯ ಬೆನ್ನಿಗೂ ಬಾಲಕ್ಕೂ ಸವರಿ, ಹೊತ್ತುಹೊತ್ತಿಗೆ ತಾಯಿಯ ಕೊರಳು ಹಿಡಿದು ನಿಲ್ಲುವ ಶಿಕ್ಷೆಯನ್ನು ನನಗೆ ವಿಧಿಸಿದಳು. ಮೂರನೆಯ ದಿನ ತಾಯಿ ಮರಿಯನ್ನು ಒಪ್ಪಿತು. ನನ್ನನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಆಗೆಲ್ಲ ಹೋತವು ಹೆಣ್ಣಾಡಿನ ಗಂಜಲವನ್ನು ಮೂಸಿ ಮೇಲ್ದುಟಿಯನ್ನು ಎತ್ತಿ ನಿಂತರೆ ನಾವು ನಗುತ್ತಿದೆಯೆಂದುಕೊಳ್ಳುತ್ತಿದ್ದೆವು. ವಾಸ್ತವದಲ್ಲಿ ಅದು, ಮೇಲಿನ ಬಾಚಿಹಲ್ಲುಗಳೇ ಇಲ್ಲದ ವಸಡಿನ ಹಿಂದೆ ತೆರೆದುಕೊಳ್ಳುವ ಸಣ್ಣ ನಾಳದ ಮೂಲಕ, ಡೆನ್ಮಾರ್ಕಿನ ಜಾಕಬ್ಸನ್ ಎಂಬ ವೈದ್ಯನ ಹೆಸರು ಹೊತ್ತಿರುವ ಎರಡನೆಯ ಘ್ರಾಣಾಂಗಕ್ಕೆ ಆ ವಾಸನೆಯನ್ನು ಎಳೆದುಕೊಳ್ಳುತ್ತಿತ್ತು. ಕುದುರೆ, ಬೆಕ್ಕು, ಹೋರಿಗಳಿಗೂ ಈ ಸೌಕರ್ಯವಿದೆ. ನಮಗಿರುವುದು ಒಂದೇ ಮೂಗು; ಅದೂ ಮಳೆಯಲ್ಲಿ ನೆನೆದರೆ ರಜೆ ಹಾಕುತ್ತದೆ.

ಆಡು ನಾರುತ್ತದೆಂದು ಮೂಗು ಮುರಿಯುವವರೇ ಲಿಫ್ಟಿನಲ್ಲಿ ಅರ್ಧ ಬಾಟಲಿ ಸೆಂಟು ಸುರಿದುಕೊಂಡು ನಿಂತಿರುತ್ತಾರೆ. ಜಪಾನಿನ ವಿಜ್ಞಾನಿಗಳು ಹೋತಗಳ ತಲೆಗೆ ಟೊಪ್ಪಿಗೆ ತೊಡಿಸಿ ವಾಸನೆ ಸಂಗ್ರಹಿಸಿ, ಹೆಣ್ಣಾಡುಗಳ ಮಿದುಳನ್ನು ಎಚ್ಚರಿಸುವ ವಸ್ತುವೊಂದನ್ನು 2014ರಲ್ಲಿ ಗುರುತಿಸಿದರು. ಅದರ ಪರಿಮಳ ಕಿತ್ತಳೆಯ ಜಾತಿಯದಂತೆ, ಗಾಳಿಗೆ ಕೆಟ್ಟ ಮೇಲಷ್ಟೇ ಹೋತದ ನಾತವಂತೆ. ಲಿಫ್ಟಿನವರ ಸೆಂಟಿಗೆ ಕೆಡುವ ಅಗತ್ಯವೂ ಇಲ್ಲ.

ಅರ್ಧ ಕಷಾಯವನ್ನು ಕುಡಿದು ಉಳಿದರ್ಧವನ್ನು ಕಿಟಕಿಯಿಂದ ಬೇಲಿಯ ಬುಡಕ್ಕೆ ಚೆಲ್ಲಿದೆ. ಆಡು ಬಂದು ಅದನ್ನೂ ಮೂಸಿ, ಮತ್ತೆ ದಾಸವಾಳಕ್ಕೆ ಮರಳಿತು. ಅದರಲ್ಲಿ ಅಷ್ಟು ಹೊತ್ತಿಗೆ ಒಂದೇ ಮೊಗ್ಗು ಉಳಿದಿತ್ತು.