ಅರವತ್ತು ಯೂರೋದ ಹಿಡಿಕೆ

ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಫೋನ್. ಮಾಲ್ಟಾದಿಂದ ಮೇಲ್ ಬಂದಿತ್ತು. ನಮಗೆ ಒಂದು ದಿನಕ್ಕೆ ಹಾಯಿದೋಣಿ ಬಾಡಿಗೆ ಕೊಟ್ಟಿದ್ದ ಕಂಪನಿಯವರದು. ಠೇವಣಿಯಲ್ಲಿ 60 ಯೂರೋ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಹಾಕಿದ್ದಾರಂತೆ. ಕಾರಣದ ಜಾಗದಲ್ಲಿ ಬರೆದಿದ್ದರು: ಟಾಯ್ಲೆಟ್ ಪಂಪಿನ ಹಿಡಿಕೆ, ಒಂದು.

ಹತ್ತಿರ ಹತ್ತಿರ ಆರು ಸಾವಿರ ರೂಪಾಯಿ! ಆ ದುಡ್ಡಿಗೆ ನಮ್ಮೂರಲ್ಲಿ ಇಡೀ ಕಮೋಡೇ ಬರುತ್ತೆ. ರಜೆ ಮುಗಿಸಿ ಬಂದು ಹತ್ತು ದಿನವಾಗಿತ್ತು. ಮೂಗಿನ ಮೇಲೆ ಬಿಸಿಲಿಗೆ ಸುಟ್ಟ ಸಿಪ್ಪೆಯೂ ಉದುರಿತ್ತು. ಎಲ್ಲಾ ಮುಗೀತು ಅಂತ ಆರಾಮಾಗಿದ್ದೆ.

ದೋಣಿಯ ಐಡಿಯಾ ನಂದಲ್ಲ, ನನ್ನ ಷಡ್ಡಕನದು. ಅವನು ಇರೋದು ಜರ್ಮನಿಯಲ್ಲಿ. ನಾವು ಮೂವರು, ಅವರು ನಾಲ್ವರು, ಜೊತೆಗೆ ಧಾರವಾಡದಿಂದ ಅತ್ತೆ. "ಎಂಟು ಜನ ಹಂಚ್ಕೊಂಡ್ರೆ ಅಗ್ಗ ಬೀಳುತ್ತೆ ಭಾವ" ಅಂದ. ಬಾಡಿಗೆ ಕೇಳಿದಾಗ ನಿಜವಾಗಿಯೂ ಅಗ್ಗ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಇದು ಮದುವೆ ಛತ್ರದ ಲೆಕ್ಕ. ಛತ್ರ ಬೇರೆ, ಕರೆಂಟು ಬೇರೆ, ಪಾತ್ರೆ ಬೇರೆ, ಕಸ ಗುಡಿಸೋದು ಬೇರೆ. ಇಲ್ಲಿ ದೋಣಿ ಬೇರೆ, ಡೀಸೆಲ್ ಬೇರೆ, ನಡೆಸುವವನು ಬೇರೆ, ಕೊನೆಗೆ ತೊಳೆಯೋದೂ ಬೇರೆ. ಹಾಯಿದೋಣಿಗೆ ಡೀಸೆಲ್ ಯಾಕೆ ಅಂತ ಕೇಳಿದೆ. ಗಾಳಿ ಇಲ್ಲದಿದ್ದರೆ ಬೇಕಾಗುತ್ತಂತೆ. ಜಾಸ್ತಿ ಗಾಳಿ ಇದ್ದರೂ ಬೇಕಾಗುತ್ತಂತೆ.

ಷಡ್ಡಕ ಎರಡು ವರ್ಷದ ಹಿಂದೆ ಅಲ್ಲಿನ ಬೋಡನ್ ಸರೋವರದಲ್ಲಿ ದೋಣಿ ನಡೆಸುವ ಲೈಸೆನ್ಸ್ ತಗೊಂಡಿದ್ದಾನೆ. ಅವತ್ತಿನಿಂದ ಮನುಷ್ಯ ಮೊದಲಿನ ಹಾಗಿಲ್ಲ. ಮಾಲ್ಟಾದವರು ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಸರೋವರಕ್ಕೆ ಸರಿ, ಸಮುದ್ರಕ್ಕೆ ನಮ್ಮ ಸ್ಕಿಪ್ಪರ್ ಇರಲೇಬೇಕು ಅಂದರು. ಆ ಸಿಟ್ಟನ್ನು ಅವನು ದಿನವಿಡೀ ನಮ್ಮ ಮಾತಿನ ಮೇಲೆ ತೀರಿಸಿಕೊಂಡ.

ಹತ್ತಿದ ತಕ್ಷಣ ಮಗಳಿಗೆ "ಆ ಹಗ್ಗ ಸ್ವಲ್ಪ ಆಚೆ ಸರಿಸು" ಅಂದೆ.

"ಭಾವ, ಅದು ಹಗ್ಗ ಅಲ್ಲ, ಲೈನ್. ದೋಣಿ ಮೇಲೆ ಹಗ್ಗ ಅಂತ ಇರೋದೇ ಇಲ್ಲ."

ನಾಲ್ಕೂ ಕಡೆ ಹಗ್ಗ ನೇತಾಡುತ್ತಿತ್ತು. ಸರಿ, ಲೈನ್. ಸ್ವಲ್ಪ ಹೊತ್ತಿಗೆ ಹಾಯಿಗೆ ಕಟ್ಟಿದ್ದ ಒಂದನ್ನು ತೋರಿಸಿ ನಾನಾಗಿಯೇ ಲೈನ್ ಅಂದೆ. ಅದು ಲೈನ್ ಅಲ್ಲವಂತೆ, ಶೀಟ್ ಅಂತೆ. ಹಾಗಾದರೆ ಶೀಟಿನ ಹಾಗೆ ಅಗಲವಾಗಿರುವ ಆ ಬಟ್ಟೆ? ಅದು ಶೀಟ್ ಅಲ್ಲ. ಎಡಕ್ಕೆ ಪೋರ್ಟ್ ಅನ್ನಬೇಕು, ಬಲಕ್ಕೆ ಸ್ಟಾರ್‌ಬೋರ್ಡ್. "ಪೋರ್ಟ್ ಅಂದ್ರೆ ಬಂದರು ಅಲ್ವಾ? ಬಂದರು ಬಲಗಡೆ ಇದ್ರೆ ಏನನ್ನೋದು?" ಅಂತ ನನ್ನ ಹೆಂಡತಿ ಕೇಳಿದಳು. ಪೋರ್ಟು ಸ್ಟಾರ್‌ಬೋರ್ಡಿಗಿದೆ ಅನ್ನೋದಂತೆ. ಅವಳು ಎದ್ದು ಬೇರೆ ಕಡೆ ಹೋಗಿ ಕೂತಳು. ಯಾವ ಕಡೆ ಅಂತ ನಾನು ಬರೆಯೋದಿಲ್ಲ.

ಅಡುಗೆಮನೆ ಗ್ಯಾಲಿ. ದೋಣಿಯ ಮೈ ಕಟ್ಟೆಗೆ ಉಜ್ಜದಂತೆ ಪಕ್ಕಕ್ಕೆ ತೂಗುಬಿಟ್ಟ ಬಿಳಿ ಬುರುಡೆ ಫೆಂಡರ್. ಟಾಯ್ಲೆಟ್‌ಗೆ ಹೆಡ್.

"ಯಾರಿಗ್ರೀ ಹೆಡ್ಡ ಅನ್ನಲಿಕ್ಕತ್ತೀರಿ?" ಅಂದರು ಅತ್ತೆ.

ಹಳೇ ಕಾಲದ ಹಡಗುಗಳಲ್ಲಿ ನಾವಿಕರ ಆ ವ್ಯವಸ್ಥೆ ಹಡಗಿನ ಮೂತಿಯಲ್ಲಿ, ಅಂದರೆ ತಲೆಯ ಕಡೆ ಇರುತ್ತಿತ್ತು, ಅದಕ್ಕೇ ಆ ಹೆಸರು ಅಂತ ಅವನು ವಿವರಿಸಿದ. ಅತ್ತೆ ಪೂರ್ತಿ ಕೇಳಿ, "ತಲೀ ಮ್ಯಾಲ?" ಅಂತ ಮುಖ ಕಿವುಚಿದರು.

ಸ್ಕಿಪ್ಪರ್ ಮಾತ್ರ ಒಳ್ಳೆಯವನು. ಅವನಿಗೆ ಇದ್ದದ್ದು ಒಂದೇ ಮಾತು, ಮೇಲಾ. ಮಾಲ್ಟೀಸ್ ಭಾಷೆ ಅರಬ್ಬಿಯ ಕವಲು, ಮೇಲೆ ಒಂದಿಷ್ಟು ಇಟಾಲಿಯನ್ ಒಗ್ಗರಣೆ. ಅದರಲ್ಲಿ ಮೇಲಾ ಅಂದರೆ ಸರಿ, ಹಾಗಾದ್ರೆ, ಮತ್ತಿನ್ನೇನು, ಹೌದಪ್ಪಾ, ಎಲ್ಲಾನೂ. ನಾವು ಮಾತು ಮುಗಿಸಿದಾಗ ಸುಮ್ನೆ "ಮತ್ತೆ" ಅಂತೀವಲ್ಲ, ಹಾಗೆ. ಎಂಜಿನ್ ಶುರು ಮಾಡಿ "ಮೇಲಾ" ಅಂದ. ಲಂಗರು ಎತ್ತಿ "ಮೇಲಾ, ಮೇಲಾ" ಅಂದ. ಮೂರನೇ ಸಲಕ್ಕೆ ಅತ್ತೆ ಸೀರೆ ಎತ್ತಿ ಕಟ್ಟಿ, ಮೇಲಿನ ಡೆಕ್ಕಿಗೆ ಹತ್ತೋಕೆ ಶುರು ಮಾಡಿದರು.

"ಅಮ್ಮ, ಎಲ್ಲಿಗೆ?"

"ಅವಾ ಆಗಿಂದ ಮ್ಯಾಲ ಮ್ಯಾಲ ಅನ್ನಲಿಕ್ಕತ್ತಾನ, ನೀವೆಲ್ಲಾ ಕೆಳಗ ಕೂತೀರಲ್ಲಾ!"

ಅವರನ್ನು ಕೆಳಗಿಳಿಸಿ ಕೂರಿಸೋ ಹೊತ್ತಿಗೆ ಊರು ಹಿಂದೆ ಬಿದ್ದಿತ್ತು. ಅತ್ತೆಗೆ ಮೊದಲಿಂದಲೂ ಈ ದೋಣಿಯ ಮೇಲೆ ಅನುಮಾನ. ಹಿಂದಿನ ದಿನ ಮಾರ್ಸಶ್ಲೋಕ್ ಅನ್ನುವ ಮೀನುಗಾರರ ಊರಿಗೆ ಹೋಗಿದ್ದೆವು. ಅಲ್ಲಿನ ದೋಣಿಗಳಿಗೆ ಲುತ್ಸು ಅಂತ ಹೆಸರು. ಹಳದಿ, ನೀಲಿ, ಕೆಂಪು ಬಣ್ಣ ಬಳಿದು, ಮೂತಿಯ ಎರಡೂ ಬದಿಗೆ ಕಣ್ಣು ಬರೆದಿರುತ್ತಾರೆ. ಕೆಟ್ಟದ್ದು ತಟ್ಟಬಾರದು ಅಂತ. "ನಮ್ಮ ಕಡೆ ಲಾರಿಗೆ ಕಟ್ಟತಾರಲ್ಲ, ಹಂಗ" ಅಂತ ಅತ್ತೆ ಬಹಳ ಮೆಚ್ಚಿಕೊಂಡಿದ್ದರು. ನಮ್ಮ ಬಾಡಿಗೆ ದೋಣಿ ಬೋಳು ಬಿಳಿ ಫೈಬರ್ರು. "ಇದಕ್ಕ ಕಣ್ಣ ಇಲ್ಲಲ್ಲಾ" ಅಂತ ಹತ್ತುವಾಗಲೇ ಅಂದಿದ್ದರು.

ನಮ್ಮ ವೇಗ ಐದು ನಾಟ್. ಕೇಳೋಕೆ ಗತ್ತಾಗಿದೆ, ಗಂಟೆಗೆ 9 ಕಿ.ಮೀ. ಚಿಲ್ಲರೆ. ಮೈಸೂರಿನ ಟಾಂಗಾ ಇದಕ್ಕಿಂತ ಜೋರು. ಹೊರಟಿದ್ದು ಕೊಮಿನೋ ಅನ್ನುವ ಪುಟ್ಟ ದ್ವೀಪಕ್ಕೆ. ಇಡೀ ಮಾಲ್ಟಾ ದೇಶವೇ 316 ಚದರ ಕಿ.ಮೀ., ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಕೊಮಿನೋ ಅದರಲ್ಲೊಂದು ಮೂರೂವರೆ ಚದರ ಕಿ.ಮೀ. ಚೂರು. ದಾರಿಯಲ್ಲಿ ಸಂತ ಪೌಲನ ಹೆಸರಿನ ಕೊಲ್ಲಿ ಸಿಗುತ್ತದೆ. ಕ್ರಿ.ಶ. 60ರ ಸುಮಾರಿಗೆ ಅವನ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದದ್ದು ಇಲ್ಲೇ ಅಂತ ಇವರ ನಂಬಿಕೆ. ಅದಕ್ಕೆ ಪ್ರತಿವರ್ಷ ಫೆಬ್ರವರಿ 10ಕ್ಕೆ ಸರ್ಕಾರಿ ರಜೆ. ಹಡಗು ಒಡೆದಿದ್ದಕ್ಕೆ ದೇಶಕ್ಕೇ ರಜೆ ಕೊಡೋ ಜನ, ನನ್ನ ಒಂದು ಹಿಡಿಕೆಗೆ 60 ಯೂರೋ ಹಿಡಿದುಕೊಂಡರು ನೋಡಿ.

ಈಗ ಹಿಡಿಕೆಯ ವಿಷಯ.

ಕಾಲಿಡೋಕೆ ಸಾಲದಷ್ಟು ಜಾಗ. ಒಳಗೆ ಪುಟ್ಟ ಕಮೋಡು, ಪಕ್ಕದಲ್ಲಿ ಒಂದು ಕೈಪಂಪು, ಅದರ ಮೇಲೆ ಆಚೀಚೆ ತಿರುಗಿಸುವ ಒಂದು ಸಣ್ಣ ಗುಂಡಿ. ಗುಂಡಿ ಒಂದು ಕಡೆಗಿದ್ದರೆ ಪಂಪು ಒತ್ತಿದಾಗ ಸಮುದ್ರದ ನೀರು ಒಳಗೆ ಬರುತ್ತದೆ. ಇನ್ನೊಂದು ಕಡೆಗಿದ್ದರೆ ಇದ್ದದ್ದು ಹೊರಗೆ ಹೋಗುತ್ತದೆ. ಮೊದಲು ತರಿಸಬೇಕು, ಆಮೇಲೆ ಕಳಿಸಬೇಕು. ಗೋಡೆ ಮೇಲೆ ಒಂದು ಬೋರ್ಡು: ನೀವು ಮೊದಲು ತಿಂದಿರದ ಏನನ್ನೂ ಇದರೊಳಗೆ ಹಾಕಬೇಡಿ. ಮಗ್ಗಿಲ್ಲ. ಅದಕ್ಕೆ ನೀರಿನ ಬಾಟಲಿ ಹಿಡಿದು ಹೋಗಿದ್ದೆ, ಆ ಮಟ್ಟಿಗೆ ಬುದ್ಧಿವಂತ.

ದೋಣಿ ಎಡಕ್ಕೆ ವಾಲಿದಾಗ ನಾನು ಬಾಗಿಲಿಗೆ, ಬಲಕ್ಕೆ ವಾಲಿದಾಗ ಬಾಗಿಲು ನನಗೆ. ಕೆಲಸ ಮುಗಿಸಿ ಪಂಪು ಹಿಡಿದೆ. ಅಜ್ಜನ ಊರಿನಲ್ಲಿ ಬೋರ್‌ವೆಲ್ ಪಂಪು ಒತ್ತಿ ಬೆಳೆದವನು ನಾನು, ಇದೇನು ಮಹಾ ಅಂದುಕೊಂಡೆ. ಹತ್ತು ಸಲ ಒತ್ತಿದೆ. ನೀರು ಬಂತು. ಇನ್ನು ಹತ್ತು ಸಲ ಒತ್ತಿದರೆ ಹೋಗಬೇಕು. ಒತ್ತಿದೆ. ಇನ್ನಷ್ಟು ಬಂತು. ಗಾಬರಿಯಾಗಿ ಜೋರಾಗಿ ಒತ್ತಿದೆ. ಜೋರಾಗಿ ಬಂತು. ಅಂಚಿಗೆ ಎರಡು ಬೆರಳು ಬಾಕಿ. ಅದರಲ್ಲಿ ಏನು ತೇಲುತ್ತಿತ್ತು ಅಂತ ನಿಮಗೂ ಗೊತ್ತು. ಅಷ್ಟೊತ್ತಿಗೆ ಒಂದು ಅಲೆ. ಒಂದು ಬೆರಳು ಬಾಕಿ.

"ಬಾಗಿಲಾಚೆ ಯಾರಾದ್ರೂ ಇದ್ದೀರಾ? ಫ್ಲಶ್ ಕೆಟ್ಟೋಗಿದೆ!"

"ಭಾವ, ಅದು ಫ್ಲಶ್ ಅಲ್ಲ..."

ಅವನೇ ಬಂದಿದ್ದ. ಸಮುದ್ರ ನನ್ನ ಮೊಣಕಾಲಿಗೆ ಬರುತ್ತಿರುವಾಗ, ಬಾಗಿಲಾಚೆ ನಿಂತು ಅದನ್ನು ಏನನ್ನಬೇಕು ಅಂತ ಹೇಳುತ್ತಿದ್ದಾನೆ. "ವಾಲ್ವ್ ಪೋರ್ಟಿಗಿದೆಯೋ ಸ್ಟಾರ್‌ಬೋರ್ಡಿಗಿದೆಯೋ ನೋಡಿ." ನಾನು ಹಿಂದುಮುಂದಾಗಿ ಕೂತಿದ್ದೆ, ಪೋರ್ಟ್ ಯಾವುದು ಅಂತ ಎಲ್ಲಿಂದ ಹೇಳಲಿ? "ನನ್ನ ಎಡಕ್ಕಿದೆ!" ಅಂತ ಕೂಗಿದೆ. "ಎಡ ಅಂತ ಇರೋದಿಲ್ಲ ಭಾವ, ನೀವು ಯಾವ ಕಡೆ ತಿರುಗಿದ್ರೂ ಪೋರ್ಟು ಪೋರ್ಟೇ." ಮೇಲೆ ಮಾತು ನಿಂತಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು ಅಂತ ಆಮೇಲೆ ತಿಳಿಯಿತು. ಸಿಟ್ಟಿಗೆ ಆ ಗುಂಡಿಯನ್ನು ಇನ್ನೊಂದು ಕಡೆಗೆ ತಿರುವಿ, ಇದ್ದ ಬಲವೆಲ್ಲ ಹಾಕಿ ಪಂಪು ಒತ್ತಿದೆ. ಗೊಳಕ್ ಅಂತ ಎಲ್ಲಾ ಹೊರಟುಹೋಯಿತು. ಹಿಡಿಕೆ ನನ್ನ ಕೈಯಲ್ಲಿ ಉಳಿಯಿತು.

ಒದ್ದೆ ಪ್ಯಾಂಟಿನಲ್ಲಿ, ಹಿಡಿಕೆ ಹಿಡಿದು, ಗದೆ ಹೊತ್ತ ಭೀಮನ ಹಾಗೆ ಮೇಲೆ ಬಂದೆ. ಸ್ಕಿಪ್ಪರ್ ಅದನ್ನು ನೋಡಿದ, ನನ್ನನ್ನು ನೋಡಿದ. "ಮೇಲಾ" ಅಂದ.

"ನಾ ಮೊದಲ ಹೇಳಿದ್ನಿ," ಅಂದರು ಅತ್ತೆ, "ಕಣ್ಣಿಲ್ಲದ ದೋಣಿ."

ಕೊಮಿನೋದ ಬ್ಲೂ ಲಗೂನ್ ಅನ್ನುವ ಕೊಲ್ಲಿಯಲ್ಲಿ ಲಂಗರು ಹಾಕಿದೆವು. ನೀರು ಫೋಟೋದಲ್ಲಿ ಇರೋ ಹಾಗೇ ಇದೆ, ಸುಳ್ಳು ಹೇಳಬಾರದು. ತಳದ ಬಿಳಿ ಮರಳು ಕಾಣುತ್ತದೆ. ದಡಕ್ಕೆ ಹೋಗಬೇಕಾದರೆ ಈಗ ಮುಂಚೆಯೇ ಬುಕ್ ಮಾಡಿ ಕೈಗೆ ಪಟ್ಟಿ ಕಟ್ಟಿಸಿಕೊಳ್ಳಬೇಕು, ತಿರುಪತಿಯ ಟೋಕನ್ ಹಾಗೆ. ಅಲ್ಲಿ ಅನಾನಸ್ ಕೊರೆದು ಅದರೊಳಗೇ ಪಾನೀಯ ಹಾಕಿ ಮಾರುತ್ತಿದ್ದರು. ಮಕ್ಕಳೆಲ್ಲ ನೀರಿಗೆ ಹಾರಿದರು. ನಾನು ಅವಮಾನ ಆರಿಸಿಕೊಳ್ಳುತ್ತಾ ಮುಂದುಗಡೆ ಹೋಗಿ ಕೂತೆ.

ಅತ್ತೆ ಅಲ್ಲೇ ಇದ್ದರು, ಕಾಲು ಕೆಳಗೆ ಬಿಟ್ಟು. ಹೆಬ್ಬೆರಳು ನೀರಿಗೆ ತಾಗುತ್ತೇನೋ ಅಂತ ಚಾಚುತ್ತಿದ್ದರು. ತಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದರು, "ಮದಿವ್ಯಾದ ವರ್ಷ ಆನೆಗೊಂದಿಗೆ ಹೋಗಿದ್ವಿ. ನವಬೃಂದಾವನಕ್ಕ. ಅದೂ ನಡುಗಡ್ಡೀನ. ಹರಗೋಲಿನ್ಯಾಗ ಹೋಗಬೇಕಿತ್ತು. ಅದು ಗರಗರ ತಿರಗೂದು. ನಿಮ್ಮ ಮಾವನವರು ಎಲ್ಲಾರ ಮುಂದ ನನ್ನ ಕೈ ಹಿಡಕೊಂಡ್ರು. ಆಮ್ಯಾಲ ಎಂದೂ ಹಿಡೀಲಿಲ್ಲ, ನಾಚಿಕಿ ಮನಶ್ಯಾ." ನಾನೇನೂ ಹೇಳಲಿಲ್ಲ. ಹಿಂದುಗಡೆ ಷಡ್ಡಕ ಯಾರಿಗೋ ಅದು ಏಣಿ ಅಲ್ಲ ಅನ್ನುತ್ತಿದ್ದ.

ಮಾರನೇ ದಿನ ಗೋಝೋ ದ್ವೀಪಕ್ಕೆ ಸರ್ಕಾರಿ ಹಡಗಿನಲ್ಲಿ ಹೋದೆವು. 25 ನಿಮಿಷ. ಹೋಗುವಾಗ ಯಾರೂ ದುಡ್ಡು ಕೇಳುವುದಿಲ್ಲ, ವಾಪಸ್ ಬರುವಾಗ 4.65 ಯೂರೋ ಕೊಟ್ಟರೆ ಹತ್ತಿಸುತ್ತಾರೆ. ಅಭಿಮನ್ಯುವಿನ ಚಕ್ರವ್ಯೂಹ, ಆದರೆ ಟಿಕೆಟ್ ಇದೆ. ಒಳಗೆ ಮಾಮೂಲಿ ಟಾಯ್ಲೆಟ್. ನಾನು ಬೇಕು ಅಂತಲೇ ಎರಡು ಸಲ ಹೋಗಿ ಬಂದೆ.

ಇವತ್ತಿನ ಮೇಲ್ ವಿಷಯ ಅತ್ತೆಗೆ ಫೋನಿನಲ್ಲಿ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಅರವತ್ತ ಕೊಟ್ಟಮ್ಯಾಲ ಆ ಹಿಡಿಕಿ ನಮ್ದಲ್ಲೇನು?"

ಹೌದಲ್ವಾ! ತಕ್ಷಣ ಕಂಪನಿಗೆ ಬರೆದೆ. ದುಡ್ಡು ಹಿಡಿದುಕೊಂಡಿದ್ದೀರಿ, ಸರಿ, ಮುರಿದ ಹಿಡಿಕೆ ನಮಗೆ ಕಳಿಸಿ. ಕಳಿಸೋ ಮುಂಚೆ ಕುಟುಂಬದ ವಾಟ್ಸಾಪ್ ಗುಂಪಿಗೂ ಹಾಕಿದೆ. ಷಡ್ಡಕ ಎರಡೇ ನಿಮಿಷಕ್ಕೆ ತಿದ್ದಿದ. ಅದು ಹಿಡಿಕೆ ಅಲ್ಲ, ಲಿವರ್.

ಸಂಜೆ ಉತ್ತರ ಬಂತು. ಮೇಲಾ, ಕಳಿಸುತ್ತೇವೆ, ಅಂಚೆ ಖರ್ಚು ಬೇರೆ, 38 ಯೂರೋ.