ಹೊಸ ದಿನಾಂಕ ಕೊಡುವ ಮುನ್ನ

ಯೋಜನೆಯೊಂದು ಕೈಕೊಟ್ಟಿತು ಎಂದು ಗೊತ್ತಾದ ದಿನ ಕಚೇರಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಹಾಗಾದರೆ ಇನ್ನು ಯಾವಾಗ ಮುಗಿಯುತ್ತದೆ?" ನನ್ನನ್ನು ಕೇಳಿದರೆ, ಆ ದಿನ ಉತ್ತರಿಸಲೇಬಾರದ ಪ್ರಶ್ನೆ ಇದೊಂದೇ. ಬಾಯಿಗೆ ಬಂದ ದಿನಾಂಕಕ್ಕೆ ಬುಡವಿಲ್ಲ ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೂ ಹೇಳುತ್ತೇವೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಲೆಕ್ಕಾಚಾರ. ಸಭೆ ಮುಗಿಯುತ್ತದೆ, ಎಲ್ಲರ ಮುಖದಲ್ಲೂ ತುಸು ಗೆಲುವು ಮೂಡುತ್ತದೆ, ಎರಡನೆಯ ಸೋಲಿನ ತಯಾರಿ ಅಲ್ಲಿಂದಲೇ ಶುರುವಾಗುತ್ತದೆ.

ಅದರ ಬದಲು ಹೇಳಬಹುದಾದ ಮಾತೊಂದಿದೆ: "ದಿನಾಂಕವನ್ನು ಹತ್ತು ದಿನ ಬಿಟ್ಟು ಹೇಳುತ್ತೇವೆ. ಅಲ್ಲಿಯವರೆಗೆ ಏನಾಗಿದೆ ಎಂದು ನೋಡುತ್ತೇವೆ." ಬೈಗುಳ ಬೀಳುತ್ತದೆ. ಬೀಳಲಿ. ವಾರ ವಾರವೂ ಕಂತಿನಲ್ಲಿ ಬೈಸಿಕೊಳ್ಳುವುದಕ್ಕಿಂತ ಒಂದೇ ಸಲ ಬೈಸಿಕೊಳ್ಳುವುದು ಮೇಲು.

ಆ ಹತ್ತು ದಿನದಲ್ಲಿ ಮೊದಲು ತೆಗೆದು ನೋಡಬೇಕಾದದ್ದು ಕೆಲಸದ ಪಟ್ಟಿಯನ್ನು. ಎಕ್ಸೆಲ್ ಹಾಳೆಯಲ್ಲಿ 'ಪ್ರಗತಿ' ಎಂಬ ಅಂಕಣವೊಂದು ಇದ್ದೇ ಇರುತ್ತದೆ. ಸೋತ ಯೋಜನೆಯ ಹಳೆಯ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಶೇಕಡ 20ರಿಂದ 90ಕ್ಕೆ ಸರಸರನೆ ಏರಿದ ಕೆಲಸಗಳು 90ರಲ್ಲಿ ಬೀಡುಬಿಟ್ಟಿರುತ್ತವೆ. ಮುಂದಿನ ವಾರವೂ 90, ಅದರ ಮುಂದಿನ ವಾರವೂ 90. ಸುಲಭದ್ದೆಲ್ಲ ಮುಗಿದಿದೆ, ಕಷ್ಟದ್ದನ್ನು ಇನ್ನೂ ಮುಟ್ಟಿಲ್ಲ ಎಂಬುದನ್ನೇ ಅಂಕಿಯ ರೂಪದಲ್ಲಿ ಬರೆದದ್ದು ಅದು. ಆ ಅಂಕಣವನ್ನೇ ಅಳಿಸಿ, 'ಮುಗಿದಿದೆ', 'ಮುಗಿದಿಲ್ಲ' ಎಂಬ ಎರಡೇ ಉತ್ತರ ಇಟ್ಟರೆ ಸಾಕು. ಮುಗಿದಿದೆ ಎಂದರೆ ಮಾಡಿದವರಲ್ಲದೆ ಬೇರೊಬ್ಬರು ಪರೀಕ್ಷಿಸಿ ಸರಿ ಎಂದಿರಬೇಕು. ಹಾಳೆ ನೋಡಲು ಭಯಂಕರವಾಗಿರುತ್ತದೆ, ನಿಜ. ಆದರೆ 'ಮುಗಿದಿದೆ' ಎಂದು ಉಳಿದ ಆ ನಾಲ್ಕಾರು ಸಾಲುಗಳೇ ಈಗ ಕೈಯಲ್ಲಿರುವ ಬಂಡವಾಳ.

ಬಂಡವಾಳ ಎಂದಾಗ ಚಂದ್ರಯಾನ-2 ನೆನಪಾಗುತ್ತದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ಯೋಜನೆಯ ಆರ್ಬಿಟರ್ ಚಂದ್ರನ ಸುತ್ತ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು ಎಂಬುದು ಆಗ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಚಂದ್ರಯಾನ-3ಕ್ಕೆ ಹೊಸ ಆರ್ಬಿಟರ್ ಕಳಿಸಲಿಲ್ಲ, ಹಳೆಯದನ್ನೇ ಸಂಪರ್ಕಕ್ಕೆ ಬಳಸಿಕೊಂಡರು. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಬದಲಾವಣೆ. ಮೊದಲ ಸಲ ಇಳಿಯಲು ಗುರುತಿಸಿದ್ದ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲ. ಎರಡನೆಯ ಸಲ ಅದನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಸೋತ ಮೇಲೆ 'ಈ ಸಲ ಇನ್ನೂ ಕರಾರುವಾಕ್ಕಾಗಿ ಮಾಡುತ್ತೇವೆ' ಎಂದು ಎದೆ ತಟ್ಟಿಕೊಳ್ಳುವ ಬದಲು, ಸ್ವಲ್ಪ ಆಚೀಚೆಯಾದರೂ ಕೆಲಸ ಕೆಡದ ಹಾಗೆ ಯೋಜನೆಯನ್ನೇ ಸಡಿಲಗೊಳಿಸಿದರು. 2023ರ ಆಗಸ್ಟ್ 23ರಂದು ಲ್ಯಾಂಡರ್ ಇಳಿಯಿತು. ನಾವು ನೋಡಿದರೆ ಎಡವಿದ ಯೋಜನೆಗೆ ಎರಡನೆಯ ಸಲ ಇನ್ನೂ ಬಿಗಿಯಾದ ವೇಳಾಪಟ್ಟಿ ಹಾಕುತ್ತೇವೆ!

ನಮ್ಮದೇನು ಆಕಾಶದ ಕೆಲಸವಲ್ಲ, ಒಪ್ಪುತ್ತೇನೆ. ಆದರೂ ಉದಾಹರಣೆಗೆ ಅಲ್ಲಿಗೇ ಹೋಗುವುದೇಕೆಂದರೆ, ಅವರ ಸೋಲಿನ ಕಾರಣಗಳು ಜಗತ್ತಿಗೆಲ್ಲ ಗೊತ್ತಾಗುತ್ತವೆ. ನಮ್ಮ ಸೋಲುಗಳ ವರದಿ ಯಾರದೋ ಮೇಜಿನ ಡ್ರಾಯರಿನಲ್ಲಿ ಕೊಳೆಯುತ್ತಿರುತ್ತದೆ, ಅದೂ ಯಾರಾದರೂ ಬರೆದಿದ್ದರೆ.

ಹಬಲ್ ದೂರದರ್ಶಕವನ್ನೇ ನೋಡಿ. 1990ರಲ್ಲಿ ಹಾರಿಸಿದ ಮೇಲೆ ಬಂದ ಚಿತ್ರಗಳು ಮಸುಕಾಗಿದ್ದವು. ಕಾರಣ, ಕನ್ನಡಿಯ ಅಂಚು ಸುಮಾರು 2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಕನ್ನಡಿಯನ್ನು ಅಳೆಯಲು ಬಳಸಿದ ಉಪಕರಣದಲ್ಲೇ ಒಂದು ಮಸೂರ 1.3 ಮಿಲಿಮೀಟರ್ ಸರಿದು ಕೂತಿತ್ತು. ಹೊಟ್ಟೆ ಉರಿಸುವ ಸಂಗತಿಯೆಂದರೆ, ಬೇರೆ ಪರೀಕ್ಷೆಗಳು ದೋಷವಿದೆ ಎಂದು ಮೊದಲೇ ತೋರಿಸಿದ್ದವು. ಅವು ಅಷ್ಟು ನಿಖರವಲ್ಲ ಎಂದು ಬದಿಗಿಟ್ಟರು. ಪ್ರತಿ ಸೋಲಿನಲ್ಲೂ ಇಂಥದ್ದೊಂದು ಬದಿಗಿಟ್ಟ ಎಚ್ಚರಿಕೆ ಇರುತ್ತದೆ. ಎಲ್ಲೋ ಕಿರಿಯ ಎಂಜಿನಿಯರ್ ಬರೆದ, ಯಾರೂ ಉತ್ತರಿಸದ ಇಮೇಲ್ ಆಗಿರಬಹುದು. ಅದನ್ನು ಹುಡುಕಿ ತೆಗೆಯುವುದು ತಲೆದಂಡಕ್ಕಲ್ಲ, ಇನ್ನೂ ಏನೇನು ಬದಿಗೆ ಸರಿಸಿದ್ದೇವೆ ಎಂದು ತಿಳಿಯುವುದಕ್ಕೆ. ಹಬಲ್ಲಿನ ಕನ್ನಡಿಯನ್ನು ಬದಲಿಸಲೇ ಇಲ್ಲ. ತಪ್ಪು ಎಷ್ಟು, ಯಾವ ದಿಕ್ಕಿಗೆ ಎಂದು ಖಚಿತವಾಗಿ ಗೊತ್ತಿದ್ದುದರಿಂದ ಅಷ್ಟನ್ನೇ ತಿರುಗಿಸಿ ಸರಿಪಡಿಸುವ ದೃಗುಪಕರಣಗಳನ್ನು 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಕೂರಿಸಿ ಬಂದರು. ತಪ್ಪನ್ನು ಅಳೆಯದೆ 'ಸಂವಹನದ ಕೊರತೆ' ಎಂದು ಬರೆದು ಕಡತ ಮುಚ್ಚಿದ್ದರೆ ಅದು ಸಾಧ್ಯವಿತ್ತೇ? ನಾನು ಓದಿದ ವರದಿಗಳಲ್ಲಿ ಈ 'ಸಂವಹನದ ಕೊರತೆ'ಯಷ್ಟು ನಿರುಪಯೋಗಿಯಾದ ಮಾತು ಇನ್ನೊಂದಿಲ್ಲ.

ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟುವ ಹುಮ್ಮಸ್ಸೂ ಅಷ್ಟೇ ಅಪಾಯಕಾರಿ. ಸ್ಪೇಸ್ಎಕ್ಸ್‌ನ ಫಾಲ್ಕನ್ 1 ರಾಕೆಟ್ 2008ರ ಆಗಸ್ಟಿನಲ್ಲಿ ಮೂರನೆಯ ಸಲ ವಿಫಲವಾಯಿತು. ಬೇರ್ಪಟ್ಟ ಕೆಳಗಿನ ಹಂತ, ಉಳಿದಿದ್ದ ಅಲ್ಪಸ್ವಲ್ಪ ನೂಕುಬಲದಿಂದ ಮೇಲಿನದಕ್ಕೆ ಡಿಕ್ಕಿ ಹೊಡೆದಿತ್ತು. ಎಂಜಿನ್ ಆರಿಸುವುದಕ್ಕೂ ಹಂತಗಳು ಬೇರೆಯಾಗುವುದಕ್ಕೂ ನಡುವಿನ ಸಮಯವನ್ನು ಹೆಚ್ಚಿಸಿದರು, ಸೆಪ್ಟೆಂಬರ್ 28ರಂದು ರಾಕೆಟ್ ಕಕ್ಷೆ ಸೇರಿತು.

ಇನ್ನು ಜನರನ್ನು ಸೇರಿಸುವ ಹುಚ್ಚು. ತಡವಾದ ತಂತ್ರಾಂಶ ಯೋಜನೆಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಐಬಿಎಂನಲ್ಲಿ ಅಂಥದ್ದೇ ಭಾರಿ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು. ಐವರಿದ್ದಲ್ಲಿ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು 10. ಹತ್ತು ಮಂದಿಯಾದರೆ 45. ಕೆಲಸ ಬಲ್ಲವರು ಕೆಲಸ ಬಿಟ್ಟು ಹೊಸಬರಿಗೆ ಪಾಠ ಹೇಳುತ್ತಾ ಕೂರುತ್ತಾರೆ. ಇಷ್ಟಾದರೂ ಪ್ರತಿ ಸಭೆಯಲ್ಲೂ ಒಬ್ಬರು "ಇನ್ನು ನಾಲ್ಕು ಜನರನ್ನು ಕೊಡುತ್ತೇನೆ, ಆಗುತ್ತದಲ್ಲ?" ಎಂದು ದಾನಶೂರ ಕರ್ಣನ ಭಂಗಿಯಲ್ಲಿ ಕೇಳುತ್ತಾರೆ. ಬೇಡ ಎಂದವನು ಸೋಮಾರಿ ಎನಿಸಿಕೊಳ್ಳುತ್ತಾನೆ. ನಾಲ್ಕು ಜನರನ್ನು ಕೊಡುವ ಬದಲು ನಾಲ್ಕು ಬೇಡಿಕೆಗಳನ್ನು ಕೈಬಿಡಿ ಎಂದು ಕೇಳುವ ಧೈರ್ಯ ಆಗ ಬೇಕಾಗುತ್ತದೆ.

ಕೆಲವನ್ನು ಮತ್ತೆ ಎತ್ತಿ ನಿಲ್ಲಿಸಲೂಬಾರದು. 'ಇಷ್ಟು ಖರ್ಚಾಗಿಬಿಟ್ಟಿದೆ' ಎಂಬುದು ಮುಂದುವರಿಸಲು ಕಾರಣವಲ್ಲ. ಆದ ಖರ್ಚು ಮುಂದುವರಿಸಿದರೂ ಬರುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ. ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೂ ನಿಲ್ಲಿಸೋಣ ಎಂದು ಮೊದಲು ಬಾಯಿಬಿಡುವವರು ಯಾರು? ನಿಂತ ಯೋಜನೆಯ ಜನರನ್ನು ಇನ್ನೊಂದು ತಂಡಕ್ಕೆ ಕಳಿಸುವಾಗ 'ಮುಳುಗಿಸಿದವರು ಬಂದರು' ಎಂದು ಹಣೆಪಟ್ಟಿ ಅಂಟಿಸುವ ಕಚೇರಿಗಳು ಬೇಕಾದಷ್ಟಿವೆ. ಅಂಥ ಕಡೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಪ್ರತಿ ಶುಕ್ರವಾರ ಹಾಳೆಯಲ್ಲಿ 90 ಎಂದು ತುಂಬಿ ಮನೆಗೆ ಹೋಗುತ್ತಾರೆ. ಅವರನ್ನು ದೂರಲು ನನಗಂತೂ ಮನಸ್ಸು ಬರುವುದಿಲ್ಲ.